ಡ್ರ್ಯಾಗನ್ ಸತ್ತ ಮೇಲೆ

ಮಳೆ ಕೈಕೊಟ್ಟ ವರ್ಷ ಚೀನಾದ ಹಳ್ಳಿಗಳಲ್ಲಿ ಡ್ರ್ಯಾಗನ್ ರಾಜನ ಮೂರ್ತಿಯನ್ನು ಗುಡಿಯಿಂದ ಹೊರಗೆ ಎತ್ತಿಕೊಂಡು ಬಂದು ಬಿಸಿಲಲ್ಲಿ ಕೂರಿಸುತ್ತಿದ್ದರು. ಮೊದಲು ಪೂಜೆ, ಧೂಪ, ಬೇಡಿಕೆ ಎಲ್ಲಾ ಆಗುತ್ತಿತ್ತು. ಅದಕ್ಕೂ ಮೋಡ ಕಟ್ಟದಿದ್ದರೆ, ನಮ್ಮ ಹೊಲ ಸುಡುತ್ತಿದೆ, ನೀನೂ ಸ್ವಲ್ಪ ಸುಡು, ಬಿಸಿಲು ಅಂದ್ರೆ ಏನು ಅಂತ ನಿನಗೂ ಗೊತ್ತಾಗಲಿ ಅನ್ನುವ ಹಾಗೆ ಬಯಲಲ್ಲಿ ಬಿಡುತ್ತಿದ್ದರು. ಕೆಲವು ಕಡೆ ಬೈಯುತ್ತಿದ್ದರು, ಹೊಡೆದದ್ದೂ ಇದೆ. ಮಳೆ ಬಂತೋ, ಮತ್ತೆ ಗುಡಿಯೊಳಗೆ ಕರೆದುಕೊಂಡು ಹೋಗಿ, ಅವನ ಮುಂದೆ ನಾಟಕ ಆಡಿಸಿ ಹಬ್ಬ ಮಾಡುತ್ತಿದ್ದರು.

ಚೀನಾದ ಡ್ರ್ಯಾಗನ್ ಒಳ್ಳೆಯದು, ಯುರೋಪಿನದು ಕೆಟ್ಟದ್ದು. ಅಲ್ಲಿ ನೀರು, ಇಲ್ಲಿ ಬೆಂಕಿ. ಅಲ್ಲಿ ಪೂಜೆ, ಇಲ್ಲಿ ಕೊಲೆ. ಈ ವಿಷಯದ ಮೇಲೆ ಏನೇ ಓದಲು ಹೋದರೂ ಮೊದಲು ಸಿಗುವುದು ಇದೇ ಮಾತು. ಪೂರ್ತಿ ಸುಳ್ಳೇನಲ್ಲ. ಆದರೆ ಅಷ್ಟಕ್ಕೇ ನಿಂತರೆ ಕಥೆಗಳೇ ಕೈತಪ್ಪಿ ಹೋಗುತ್ತವೆ ಅಂತ ನನಗೆ ಬಹಳ ಬೇಸರ. ದೇವರೇ ಆಗಿದ್ದರೆ ಅವನನ್ನು ಬಿಸಿಲಿಗೆ ಹಾಕುವುದು ಹೇಗೆ? ಬರೀ ಕೇಡಿಗ ಪ್ರಾಣಿ ಆಗಿದ್ದರೆ ಯುರೋಪಿನ ಊರುಗಳು ಅದರ ಬೊಂಬೆಯನ್ನು ಮಾಡಿ ವರ್ಷವರ್ಷ ಮೆರವಣಿಗೆ ಮಾಡುವುದು ಯಾಕೆ? ಅದಕ್ಕೇ ಈ ಕಥೆಗಳನ್ನು ಓದುವಾಗ ನಾನು ಬೇರೆ ಪ್ರಶ್ನೆ ಇಟ್ಟುಕೊಳ್ಳುತ್ತೇನೆ. ಡ್ರ್ಯಾಗನ್ ಸತ್ತ ಮೇಲೆ ಏನಾಯ್ತು? ಕೊಂದವನಿಗೆ ಏನಾಯ್ತು, ಊರಿಗೆ ಏನಾಯ್ತು, ಆ ನೀರಿಗೆ ಏನಾಯ್ತು?

ಚೀನಾದಿಂದಲೇ ಶುರು ಮಾಡೋಣ. 1987ರಲ್ಲಿ ಹೆನಾನ್ ಪ್ರಾಂತ್ಯದ ಪುಯಾಂಗ್‌ನಲ್ಲಿ ಒಂದು ಸಮಾಧಿ ಸಿಕ್ಕಿತು. 6,000 ವರ್ಷಕ್ಕೂ ಹಿಂದಿನದು. ನಡುವೆ ಒಬ್ಬ ಮನುಷ್ಯನ ಅಸ್ಥಿಪಂಜರ. ಅದರ ಒಂದು ಪಕ್ಕ ಚಿಪ್ಪುಗಳನ್ನು ಜೋಡಿಸಿ ಮಾಡಿದ ಹುಲಿ, ಇನ್ನೊಂದು ಪಕ್ಕ ಅದೇ ಚಿಪ್ಪುಗಳ ಡ್ರ್ಯಾಗನ್. ಬರವಣಿಗೆ ಇನ್ನೂ ಇರದ ಕಾಲ. ಆಗಲೇ ಡ್ರ್ಯಾಗನ್ ಸತ್ತವನ ಜೊತೆ ಮಣ್ಣಿಗೆ ಹೋಗುವಷ್ಟು ಹತ್ತಿರದ್ದಾಗಿತ್ತು.

ಆಮೇಲೆ ಅದಕ್ಕೆ ಮಳೆಯ ಕೆಲಸ ಬಂತು. ಕ್ರಿಸ್ತಪೂರ್ವ 2ನೇ ಶತಮಾನದಲ್ಲಿದ್ದ ಹಾನ್ ರಾಜವಂಶದ ಪಂಡಿತ ದೋಂಗ್ ಝೋಂಗ್‌ಶು ಹೆಸರಿನಲ್ಲಿ ಬಂದಿರುವ ಬರಹದಲ್ಲಿ ಮಳೆ ಕರೆಯುವ ಕ್ರಮವೇ ಇದೆ. ವಸಂತದಲ್ಲಿ ಬರ ಬಿದ್ದರೆ 8 ಝಾಂಗ್ ಉದ್ದದ, ಅಂದರೆ ಹೆಚ್ಚುಕಡಿಮೆ 18 ಮೀಟರ್ ಉದ್ದದ ಒಂದು ಹಸಿರು ಡ್ರ್ಯಾಗನ್ ಮಾಡಬೇಕು. ಅದರ ಜೊತೆಗೆ ಅರ್ಧ ಉದ್ದದ ಏಳು ಚಿಕ್ಕವು. ಎಲ್ಲವೂ ಪೂರ್ವಕ್ಕೆ ಮುಖ ಮಾಡಿರಬೇಕು, ಎಂಟು ಮಕ್ಕಳು ಕುಣಿಯಬೇಕು. ಬೇಸಿಗೆಗೆ ಕೆಂಪು, ಶರತ್ಕಾಲಕ್ಕೆ ಬಿಳಿ, ಚಳಿಗಾಲಕ್ಕೆ ಕಪ್ಪು, ಹೀಗೆ ಕಾಲಕ್ಕೊಂದು ಬಣ್ಣ, ಕಾಲಕ್ಕೊಂದು ದಿಕ್ಕು. ಇದರಲ್ಲಿ ಭಯಭಕ್ತಿಗಿಂತ ಜಾಸ್ತಿ ಕೆಲಸದ ಶಿಸ್ತು ಕಾಣುತ್ತದೆ ನನಗೆ. ಕಾಲುವೆ ತೋಡುವುದು ಹೇಗೆ ಅಂತ ಹೇಳುವ ದನಿಯಲ್ಲೇ ಡ್ರ್ಯಾಗನ್ ಮಾಡುವುದು ಹೇಗೆ ಅಂತಲೂ ಹೇಳುತ್ತಾರೆ.

ಮುಂದೆ ಬೌದ್ಧಧರ್ಮ ಬಂದ ಮೇಲೆ ಡ್ರ್ಯಾಗನ್‌ಗಳಿಗೆ ರಾಜರು ಹುಟ್ಟಿಕೊಂಡರು. ನಾಲ್ಕು ಸಮುದ್ರಕ್ಕೆ ನಾಲ್ವರು, ಜೊತೆಗೆ ನದಿಗೆ, ಕೊಳಕ್ಕೆ, ಬಾವಿಗೆ ಒಬ್ಬೊಬ್ಬರು. ಇವರಿಗೆಲ್ಲಾ ಮೇಲಿನ ಲೋಕದಿಂದ ಅಪ್ಪಣೆ ಬರುತ್ತದೆ. ಎಲ್ಲಿ, ಯಾವಾಗ, ಎಷ್ಟು ಮಳೆ ಅಂತ ಲೆಕ್ಕ ಬರುತ್ತದೆ. ಲೆಕ್ಕ ತಪ್ಪಿದರೆ? ಮಿಂಗ್ ಕಾಲದ ಹೆಸರಾಂತ ಕಾದಂಬರಿಯೊಂದರಲ್ಲಿ ಜಿಂಗ್ ನದಿಯ ಡ್ರ್ಯಾಗನ್ ರಾಜನ ಕಥೆ ಬರುತ್ತದೆ. ರಾಜಧಾನಿ ಛಾಂಗ್‌ಆನ್‌ನ ಪೇಟೆಯಲ್ಲಿ ಒಬ್ಬ ಜೋಯಿಸ ನಾಳೆಯ ಮಳೆಯನ್ನು ಹನಿ ಸಮೇತ ಹೇಳಿಬಿಡುತ್ತಾನೆ: 3 ಅಡಿ 3 ಅಂಗುಲ, 48 ಹನಿ. ಡ್ರ್ಯಾಗನ್ ರಾಜ ವೇಷ ಹಾಕಿಕೊಂಡು ಬಂದು ಅವನ ಜೊತೆ ಪಣ ಕಟ್ಟುತ್ತಾನೆ. ವಾಪಸ್ ಹೋಗಿ ನೋಡಿದರೆ ಮೇಲಿನಿಂದ ಬಂದ ಅಪ್ಪಣೆಯಲ್ಲೂ ಅದೇ ಲೆಕ್ಕ. ಸೋಲಬಾರದು ಅಂತ ಮಳೆಯನ್ನು ಸ್ವಲ್ಪ ತಡ ಮಾಡುತ್ತಾನೆ, 3 ಅಂಗುಲ 8 ಹನಿ ಕಡಿಮೆ ಸುರಿಸುತ್ತಾನೆ. ಅಷ್ಟಕ್ಕೇ ಅವನಿಗೆ ಶಿರಚ್ಛೇದ. ತಲೆ ಕಡಿಯಬೇಕಾದವನು ತಾಂಗ್ ಚಕ್ರವರ್ತಿ ತಾಯ್‌ಝೋಂಗ್‌ನ ಮಂತ್ರಿ ವೇಯ್ ಝೆಂಗ್. ಡ್ರ್ಯಾಗನ್ ಚಕ್ರವರ್ತಿಯ ಕನಸಿಗೆ ಬಂದು ಕಾಪಾಡು ಅಂತ ಅಳುತ್ತಾನೆ. ಚಕ್ರವರ್ತಿ ಮಾತು ಕೊಟ್ಟು, ಮಂತ್ರಿ ಎಲ್ಲೂ ಹೋಗದ ಹಾಗೆ ಅವನನ್ನು ಎದುರಿಗೆ ಕೂರಿಸಿಕೊಂಡು ಮಣೆಯಾಟ ಆಡುತ್ತಾನೆ. ಆಟದ ಮಧ್ಯೆ ಮಂತ್ರಿಗೆ ಜೋಂಪು ಹತ್ತುತ್ತದೆ. ಆ ನಿದ್ದೆಯಲ್ಲೇ ಹೋಗಿ ತಲೆ ಕಡಿದು ಬರುತ್ತಾನೆ. ಆಕಾಶದಿಂದ ಡ್ರ್ಯಾಗನ್ ತಲೆ ಬೀಳುತ್ತದೆ.

ಆದರೆ ಕಥೆ ಅಲ್ಲಿಗೆ ಮುಗಿಯುವುದಿಲ್ಲ. ಸತ್ತ ಡ್ರ್ಯಾಗನ್ ತನ್ನ ತಲೆಯನ್ನು ಕೈಯಲ್ಲಿ ಹಿಡಿದುಕೊಂಡು ಬಂದು ಚಕ್ರವರ್ತಿಯನ್ನು ಕೇಳುತ್ತಾನೆ, ಕೊಟ್ಟ ಮಾತು ಎಲ್ಲಿ ಹೋಯ್ತು? ಯಮಲೋಕದಲ್ಲಿ ದೂರು ಕೊಡುತ್ತಾನೆ. ಚಕ್ರವರ್ತಿ ಅಲ್ಲಿಗೇ ಹೋಗಿ ಉತ್ತರ ಹೇಳಬೇಕಾಗುತ್ತದೆ. ನೆಝಾ ಎಂಬ ಪುಟ್ಟ ಹುಡುಗನ ಕಥೆಯೂ ಹೀಗೇ. ಪೂರ್ವ ಸಮುದ್ರದ ರಾಜನ ಮೂರನೇ ಮಗನನ್ನು ಕೊಂದು, ಅದರ ನರ ಎಳೆದು ಅಪ್ಪನಿಗೆ ಸೊಂಟಪಟ್ಟಿ ಮಾಡಿಕೊಡುತ್ತೇನೆ ಅನ್ನುತ್ತಾನೆ. ನಾಲ್ಕೂ ಸಮುದ್ರದ ರಾಜರು ಸೇರಿ ಅವನ ಅಪ್ಪ ಅಮ್ಮನನ್ನು ಹಿಡಿಯಲು ಬರುತ್ತಾರೆ. ಕೊನೆಗೆ ಆ ಹುಡುಗ ತನ್ನ ಮಾಂಸವನ್ನೂ ಮೂಳೆಯನ್ನೂ ಹೆತ್ತವರಿಗೇ ಹಿಂತಿರುಗಿಸಿ ಸಾಯುತ್ತಾನೆ. ಇಲ್ಲಿ ಡ್ರ್ಯಾಗನ್ ಕೊಂದರೆ ಅದಕ್ಕೆ ಅಪ್ಪ ಇದ್ದಾನೆ, ಬಂಧುಬಳಗ ಇದೆ, ಹೋಗಿ ಹೇಳಿಕೊಳ್ಳಲು ಒಂದು ದರ್ಬಾರಿದೆ. ಸುಮ್ನೆ ಕೊಂದು ಮನೆಗೆ ಹೋಗುವ ಹಾಗಿಲ್ಲ.

ಚಕ್ರವರ್ತಿಗಳ ಡ್ರ್ಯಾಗನ್ ಬಗ್ಗೆ ಜಾಸ್ತಿ ಹೇಳುವುದಿಲ್ಲ, ಐದು ಉಗುರಿನದು ಅವರಿಗೇ ಮೀಸಲು ಅನ್ನುವುದು ಎಲ್ಲರಿಗೂ ಗೊತ್ತು. ಕ್ರಿಸ್ತಪೂರ್ವ 3ನೇ ಶತಮಾನದ ಚಿಂತಕ ಹಾನ್ ಫೇಯ್ ಹೇಳಿದ ಒಂದು ಮಾತು ಮಾತ್ರ ಬಿಡಲಾಗದು. ಡ್ರ್ಯಾಗನ್ ಪಳಗುತ್ತದೆ, ಅದರ ಮೇಲೆ ಸವಾರಿಯನ್ನೂ ಮಾಡಬಹುದು, ಆದರೆ ಗಂಟಲ ಕೆಳಗೆ ಒಂದಡಿ ಉದ್ದದ ಉಲ್ಟಾ ಹುರುಪೆಗಳಿವೆ, ಅದನ್ನು ಮುಟ್ಟಿದವನು ಉಳಿಯುವುದಿಲ್ಲ, ರಾಜನಿಗೂ ಅಂಥವಿರುತ್ತವೆ ಅನ್ನುತ್ತಾನೆ. ಇದು ಒಳ್ಳೆಯ ಪ್ರಾಣಿಯ ವರ್ಣನೆ ಅನ್ನಿಸುತ್ತದಾ? ಜೊತೆಗಿರಲೇಬೇಕಾದ, ಆದರೆ ಹುಷಾರಾಗಿರಬೇಕಾದ ಒಂದು ಶಕ್ತಿಯ ವರ್ಣನೆ ಅದು.

ಈಗ ಯುರೋಪಿಗೆ ಬರೋಣ. ಸಂತ ಜಾರ್ಜ್ ಕುದುರೆ ಮೇಲೆ ಕೂತು ಈಟಿಯಿಂದ ತಿವಿಯುವ ಚಿತ್ರವನ್ನು ಎಲ್ಲರೂ ನೋಡಿದ್ದೇವೆ. ಕಥೆಯನ್ನು ಪೂರ್ತಿ ಕೇಳಿದವರು ಕಡಿಮೆ. 13ನೇ ಶತಮಾನದಲ್ಲಿ ಜಾಕೊಬಸ್ ದ ವೊರಾಜಿನೆ ಎಂಬ ಇಟಲಿಯ ಪಾದ್ರಿ ಬರೆದಿಟ್ಟ ಕಥೆ ಹೀಗಿದೆ. ಲಿಬಿಯಾದ ಸಿಲೆನೆ ಎಂಬ ಊರಿನ ಹತ್ತಿರ ಒಂದು ದೊಡ್ಡ ಕೆರೆ. ಅದರಲ್ಲಿ ಡ್ರ್ಯಾಗನ್. ಗಮನಿಸಿ, ಕೆರೆ! ಗುಹೆಯಲ್ಲ, ಬೆಂಕಿಯೂ ಇಲ್ಲ, ಅದರ ಉಸಿರಿನ ವಿಷದಿಂದ ಜನ ಸಾಯುತ್ತಾರೆ. ದಿನಕ್ಕೆ ಎರಡು ಕುರಿ ಕೊಡುತ್ತಾರೆ. ಕುರಿ ಮುಗಿಯುತ್ತಾ ಬಂದಾಗ ಚೀಟಿ ಎತ್ತಿ ಮಕ್ಕಳನ್ನು ಕೊಡುತ್ತಾರೆ. ಒಂದು ದಿನ ಚೀಟಿ ರಾಜಕುಮಾರಿಯ ಹೆಸರಿಗೆ ಬೀಳುತ್ತದೆ. ಜಾರ್ಜ್ ಬಂದು ಡ್ರ್ಯಾಗನ್‌ಗೆ ಗಾಯ ಮಾಡುತ್ತಾನೆ, ಆದರೆ ಕೊಲ್ಲುವುದಿಲ್ಲ. ನಿನ್ನ ಸೊಂಟದ ಪಟ್ಟಿ ಬಿಚ್ಚಿ ಅದರ ಕೊರಳಿಗೆ ಹಾಕು ಅಂತ ರಾಜಕುಮಾರಿಗೆ ಹೇಳುತ್ತಾನೆ. ಅವಳು ಹಾಕಿದ್ದೇ ತಡ, ಅದು ಸಾಕಿದ ನಾಯಿಯ ಹಾಗೆ ಅವಳ ಹಿಂದೆ ನಡೆದು ಊರೊಳಗೆ ಬರುತ್ತದೆ. ಜನ ಹೆದರಿ ಓಡುತ್ತಾರೆ. ನೀವೆಲ್ಲಾ ಕ್ರೈಸ್ತರಾದರೆ ಇದನ್ನು ಕೊಲ್ಲುತ್ತೇನೆ ಅನ್ನುತ್ತಾನೆ ಜಾರ್ಜ್. ಅವರು ಒಪ್ಪುತ್ತಾರೆ, ಅವನು ಕೊಲ್ಲುತ್ತಾನೆ. ಆಮೇಲೆ ರಾಜ ಅಲ್ಲಿ ಚರ್ಚು ಕಟ್ಟಿಸುತ್ತಾನೆ. ಅದರ ಪೀಠದಿಂದ ರೋಗ ವಾಸಿ ಮಾಡುವ ನೀರಿನ ಚಿಲುಮೆ ಹರಿಯುತ್ತದೆ.

ನನ್ನನ್ನು ತಡೆದು ನಿಲ್ಲಿಸುವುದು ಆ ನಡುವಿನ ಭಾಗ. ಪಳಗಿದ ಮೇಲೆ ಕೊಂದರು. ಫ್ರಾನ್ಸಿನ ರೋನ್ ನದಿ ದಡದ ತಾರಾಸ್ಕೋನ್ ಊರಲ್ಲೂ ಇದೇ ನಡೆಯುತ್ತದೆ. ಸಂತ ಮಾರ್ತಾ ಪವಿತ್ರ ಜಲ ಚಿಮುಕಿಸಿ, ಶಿಲುಬೆ ತೋರಿಸಿ ತಾರಾಸ್ಕ್ ಎಂಬ ಆ ನದಿಯ ಪ್ರಾಣಿಯನ್ನು ಸಾಧು ಮಾಡುತ್ತಾಳೆ, ತನ್ನ ಸೊಂಟಪಟ್ಟಿಯಿಂದ ಕಟ್ಟುತ್ತಾಳೆ. ಕುರಿಯ ಹಾಗೆ ನಿಂತ ಅದನ್ನು ಊರ ಜನ ಈಟಿಯಿಂದ ಚುಚ್ಚಿ ಸಾಯಿಸುತ್ತಾರೆ. ಊರಿಗೆ ಹೆಸರು ಬಂದದ್ದು ಅದರಿಂದಲೇ ಅನ್ನುತ್ತದೆ ಕಥೆ, ಇವತ್ತಿಗೂ ಅದರ ದೊಡ್ಡ ಬೊಂಬೆಯನ್ನು ಬೀದಿಗಳಲ್ಲಿ ಎಳೆಯುತ್ತಾರೆ. ಸೇನ್ ನದಿಯ ರೂಆನ್ ನಗರದಲ್ಲಿ ಸಂತ ರೊಮಾನಸ್ ಗಾರ್ಗೂಯ್ ಎಂಬ ಡ್ರ್ಯಾಗನ್ ಹಿಡಿಯಲು ಹೊರಟಾಗ ಜೊತೆಗೆ ಬರುವ ಧೈರ್ಯ ಮಾಡಿದ್ದು ಮರಣದಂಡನೆಯಾಗಿದ್ದ ಒಬ್ಬ ಕೈದಿ ಮಾತ್ರ. ಅದರ ನೆನಪಿಗೆ ಅಂತ ಆ ನಗರದ ಚರ್ಚಿಗೆ ವರ್ಷಕ್ಕೊಬ್ಬ ಕೈದಿಯನ್ನು ಬಿಡಿಸುವ ಹಕ್ಕಿತ್ತು, ಫ್ರೆಂಚ್ ಕ್ರಾಂತಿಯ ಕಾಲದವರೆಗೂ ನಡೆಯಿತು. ಡ್ರ್ಯಾಗನ್ ಸತ್ತು ನೂರಾರು ವರ್ಷ ಆದಮೇಲೂ ಅದರಿಂದಾಗಿ ಒಬ್ಬೊಬ್ಬರ ಜೀವ ಉಳಿಯುತ್ತಿತ್ತು! ಯುರೋಪಿನ ಇಂಥ ಕಥೆಗಳನ್ನು ನೋಡುತ್ತಾ ಹೋದರೆ ಎಲ್ಲೆಲ್ಲೂ ಕೆರೆ, ನದಿ, ಜೌಗು, ಚಿಲುಮೆ. ಪ್ಯಾರಿಸ್ಸಿನ ಸಂತ ಮಾರ್ಸೆಲ್ ಓಡಿಸಿದ ಡ್ರ್ಯಾಗನ್ ಕಥೆಯ ಹಿಂದೆ ಅಲ್ಲಿನ ಜೌಗು ನೆಲ ಇದೆ ಅಂತ ಇತಿಹಾಸಕಾರ ಜಾಕ್ ಲ ಗಾಫ್ ಬರೆದಿದ್ದಾರೆ. ನೀರು ಚೀನಾದ ಡ್ರ್ಯಾಗನ್‌ದು ಮಾತ್ರ ಅನ್ನುವ ಮಾತು ಇಲ್ಲಿಗೇ ಬಿದ್ದುಹೋಗುತ್ತದೆ, ಅಲ್ವಾ?

ಇನ್ನೂ ಹಿಂದಕ್ಕೆ ಹೋದರೆ ಕೊಂದವರ ಕಥೆ ಬೇರೆಯೇ ಆಗುತ್ತದೆ. ಗ್ರೀಸಿನ ಕ್ಯಾಡ್ಮಸ್ ಚಿಲುಮೆ ಕಾಯುತ್ತಿದ್ದ ಡ್ರ್ಯಾಗನ್ ಕೊಂದ. ಅದು ಯುದ್ಧದೇವತೆ ಏರಿಸ್‌ನದು. ತಪ್ಪಿಗೆ ವರ್ಷಗಟ್ಟಲೆ ಏರಿಸ್‌ನ ಸೇವೆ ಮಾಡಬೇಕಾಯಿತು. ಥೀಬ್ಸ್ ನಗರ ಕಟ್ಟಿ ಆಳಿದರೂ ಕೊನೆಗಾಲದಲ್ಲಿ ಅವನೂ ಅವನ ಹೆಂಡತಿ ಹಾರ್ಮೊನಿಯಾಳೂ ಹಾವುಗಳೇ ಆಗಿಹೋದರು. ಅಪೊಲೊ ಅಂಥ ದೇವರೇ ಡೆಲ್ಫಿಯ ಪೈಥಾನ್ ಕೊಂದ ಮೇಲೆ ಟೆಂಪೆ ಕಣಿವೆಗೆ ಹೋಗಿ ಶುದ್ಧಿ ಮಾಡಿಕೊಳ್ಳಬೇಕಾಯಿತು. ಇದನ್ನು ಓದುವಾಗ ನಮಗೆ ಇಂದ್ರ ನೆನಪಾಗದೆ ಇರುವುದಿಲ್ಲ. ನೀರನ್ನು ತಡೆದು ಮಲಗಿದ್ದ ವೃತ್ರನನ್ನು, ಋಗ್ವೇದ ಅಹಿ ಅಂತ, ಅಂದರೆ ಹಾವು ಅಂತ ಕರೆಯುವ ಅವನನ್ನು, ಇಂದ್ರ ವಜ್ರಾಯುಧದಿಂದ ಕೊಂದ, ನದಿಗಳು ಹರಿದವು. ಪುರಾಣಗಳಲ್ಲಿ ಅವನಿಗೆ ಬ್ರಹ್ಮಹತ್ಯೆಯ ದೋಷ ಸುತ್ತಿಕೊಂಡಿತು, ಹೋಗಿ ತಾವರೆಯ ದಂಟಿನಲ್ಲಿ ಅಡಗಿ ಕೂತ. ಖಾಲಿಯಾದ ಸಿಂಹಾಸನಕ್ಕೆ ಬಂದ ನಹುಷ ಶಾಪ ತಿಂದು ಹೆಬ್ಬಾವಾದ. ಗ್ರೀಸಿನ ಈ ಕಥೆಗಳಿಗೂ ವೇದದ ಕಥೆಗೂ ಒಂದೇ ಹಳೆಯ ಬೇರು ಅಂತ ಭಾಷೆಗಳನ್ನು ಹೋಲಿಸಿ ಓದುವ ವಿದ್ವಾಂಸರು ಹೇಳುತ್ತಾರೆ. ಎರಡೂ ಕಡೆ ಕೊಲ್ಲುವುದು ಅನಿವಾರ್ಯ, ಎರಡೂ ಕಡೆ ಕೊಂದದ್ದಕ್ಕೆ ಸಾಲ ತೀರಿಸಬೇಕು.

ಹಾಗಾದರೆ ಜಾರ್ಜ್‌ಗೆ ಯಾಕೆ ಯಾವ ಸಾಲವೂ ಇಲ್ಲ? ಅಲ್ಲಿಗೆ ಬರುವಷ್ಟರಲ್ಲಿ ಡ್ರ್ಯಾಗನ್ ಸೈತಾನನಾಗಿತ್ತು. ಬೈಬಲ್ಲಿನ ಕೊನೆಯ ಪುಸ್ತಕದಲ್ಲಿ ಏಳು ತಲೆ, ಹತ್ತು ಕೊಂಬಿನ ಕೆಂಪು ಡ್ರ್ಯಾಗನ್ ಬರುತ್ತದೆ, ಅದೇ ಆ ಹಳೆಯ ಸರ್ಪ, ಅದೇ ಸೈತಾನ ಅಂತ ನೇರವಾಗಿ ಹೇಳಿಬಿಡುತ್ತದೆ. ಸೈತಾನನನ್ನು ಕೊಂದರೆ ಯಾರಿಗೆ ಉತ್ತರ ಕೊಡಬೇಕು? ಪಳಗಿ ನಿಂತ ಪ್ರಾಣಿಯ ತಲೆ ತೆಗೆಯುವಾಗ ಸಂತನ ಕೈ ನಡುಗದಿರುವುದಕ್ಕೆ ಇದೇ ಕಾರಣ ಅಂತ ನನಗನ್ನಿಸುತ್ತದೆ. ಆದರೂ ರೈತರ ಹಬ್ಬಗಳಲ್ಲಿ ಅದು ಅಷ್ಟು ಸುಲಭಕ್ಕೆ ಸಾಯಲಿಲ್ಲ. ಬೆಳೆಗಾಗಿ ಬೇಡಿಕೊಳ್ಳುವ ವಸಂತಕಾಲದ ಮೆರವಣಿಗೆಗಳಲ್ಲಿ ಮಧ್ಯಯುಗದ ಎಷ್ಟೋ ಚರ್ಚುಗಳು ಡ್ರ್ಯಾಗನ್ ಬೊಂಬೆ ಹೊರುತ್ತಿದ್ದವು. ಮೊದಲೆರಡು ದಿನ ಅದು ಶಿಲುಬೆಯ ಮುಂದೆ, ಉದ್ದನೆಯ ಬಾಲ ತುಂಬಿಕೊಂಡು ಉಬ್ಬಿರುತ್ತಿತ್ತು. ಮೂರನೇ ದಿನ ಬಾಲದೊಳಗಿನದನ್ನು ತೆಗೆದು ಶಿಲುಬೆಯ ಹಿಂದೆ ಎಳೆಯುತ್ತಿದ್ದರು. ಮುಂದಿನ ವರ್ಷ ಅದೇ ಬಾಲವನ್ನು ಮತ್ತೆ ತುಂಬಬೇಕಲ್ಲ!

ಉತ್ತರ ಯುರೋಪಿನ ಡ್ರ್ಯಾಗನ್‌ಗಳಿಗೆ ಬೇರೆ ಹಸಿವು, ಚಿನ್ನದ್ದು. ಇಂಗ್ಲಿಷಿನ ಹಳೆಯ ಕಾವ್ಯ ಬೇವುಲ್ಫ್‌ನ ಹಸ್ತಪ್ರತಿ ಸುಮಾರು ಸಾವಿರ ವರ್ಷ ಹಳೆಯದು, 1731ರ ಒಂದು ಬೆಂಕಿಯಲ್ಲಿ ಅಂಚು ಸುಟ್ಟರೂ ಉಳಿದುಕೊಂಡಿದೆ. ಅದರಲ್ಲಿ 300 ವರ್ಷದಿಂದ ಸಮಾಧಿಯ ದಿಬ್ಬದೊಳಗೆ ನಿಧಿ ಕಾಯುತ್ತಿದ್ದ ಡ್ರ್ಯಾಗನ್ ಇದೆ. ಯಾರೋ ಒಬ್ಬ ಒಂದು ಬಟ್ಟಲು ಕದ್ದ. ಒಂದೇ ಒಂದು ಬಟ್ಟಲು. ಅದಕ್ಕೆ ಊರೂರೇ ಸುಡುತ್ತದೆ. 50 ವರ್ಷ ಆಳಿದ ಮುದಿ ರಾಜ ಬೇವುಲ್ಫ್ ಕಬ್ಬಿಣದ ಗುರಾಣಿ ಹಿಡಿದು ಹೋಗುತ್ತಾನೆ. ಜೊತೆಗೆ ಬಂದವರು ಓಡಿಹೋಗುತ್ತಾರೆ, ವೀಗ್ಲಾಫ್ ಒಬ್ಬ ನಿಲ್ಲುತ್ತಾನೆ. ಡ್ರ್ಯಾಗನ್ ಸಾಯುತ್ತದೆ, ರಾಜನೂ ಸಾಯುತ್ತಾನೆ. ಆಮೇಲೆ? ರಾಜ ಇಲ್ಲ ಅಂತ ಗೊತ್ತಾದರೆ ಸುತ್ತಲಿನ ಶತ್ರುಗಳು ನುಗ್ಗುತ್ತಾರೆ ಅಂತ ಜನ ನಡುಗುತ್ತಾರೆ, ಚಿತೆಯ ಮುಂದೆ ಒಬ್ಬ ಹೆಂಗಸು ಬರಲಿರುವ ಕೇಡನ್ನು ಹೇಳಿಕೊಂಡು ಅಳುತ್ತಾಳೆ. ಅಷ್ಟು ಜೀವ ತಿಂದ ಚಿನ್ನವನ್ನು ಅವನ ಸಮಾಧಿಯಲ್ಲೇ ಮತ್ತೆ ಹೂಳುತ್ತಾರೆ. ಮೊದಲು ಹೇಗೆ ಯಾರಿಗೂ ಉಪಯೋಗವಿಲ್ಲದೆ ಇತ್ತೋ ಈಗಲೂ ಹಾಗೇ ಇದೆ ಅನ್ನುತ್ತಾನೆ ಕವಿ. ಡ್ರ್ಯಾಗನ್ ಕೊಂದ ಮೇಲೆ ಏನಾಯ್ತು ಅನ್ನುವುದಕ್ಕೆ ಇಷ್ಟು ಪ್ರಾಮಾಣಿಕವಾದ ಉತ್ತರವನ್ನು ನಾನು ಬೇರೆಲ್ಲೂ ಓದಿಲ್ಲ.

ನಾರ್ಸ್, ಅಂದರೆ ಹಳೆಯ ಸ್ಕ್ಯಾಂಡಿನೇವಿಯಾದ ಕಥೆಯ ಫಾಫ್ನೀರ್ ಹುಟ್ಟಿನಿಂದ ಡ್ರ್ಯಾಗನ್ನೇ ಅಲ್ಲ. ಚಿನ್ನಕ್ಕಾಗಿ ಅಪ್ಪನನ್ನು ಕೊಂದು, ಅದರ ಮೇಲೆ ಮಲಗಿ ಮಲಗಿ ಡ್ರ್ಯಾಗನ್ ಆದವನು. ಸಿಗುರ್ದ್ ಎಂಬ ವೀರ ಗುಂಡಿ ತೋಡಿ ಅದರಲ್ಲಿ ಅಡಗಿ ಕೂತು ಕೆಳಗಿನಿಂದ ತಿವಿದ. ಆ ಚಿನ್ನದ ಶಾಪ ಮುಂದೆ ಅವನನ್ನೂ ನುಂಗಿತು. ಸ್ವೀಡನ್ನಿನ ರಾಮ್‌ಸುಂಡ್‌ನಲ್ಲಿ ಸುಮಾರು 1030ರ ಕಾಲದ ಒಂದು ಬಂಡೆ ಇದೆ. ಫಾಫ್ನೀರ್‌ನ ಮೈಯೇ ಒಂದು ಪಟ್ಟಿಯ ಹಾಗೆ ಬಂಡೆಯನ್ನು ಸುತ್ತಿದೆ, ಅದರೊಳಗೆ ರೂನ್ ಎಂಬ ಆ ಕಡೆಯ ಹಳೆಯ ಲಿಪಿಯ ಅಕ್ಷರಗಳು. ಓದಿದರೆ, ಸಿಗ್ರಿದ್ ಎಂಬ ಹೆಂಗಸು ತೀರಿಹೋದ ಒಬ್ಬನ ಆತ್ಮಕ್ಕಾಗಿ ಸೇತುವೆ ಕಟ್ಟಿಸಿದಳು ಅಂತ ಇದೆ. ಡ್ರ್ಯಾಗನ್ ಇಲ್ಲೂ ನೀರಿನ ಪಕ್ಕಕ್ಕೇ ಬಂತು ನೋಡಿ. ಇನ್ನು ವೇಲ್ಸ್‌ನವರ ಬಾವುಟದ ಕೆಂಪು ಡ್ರ್ಯಾಗನ್ ಅವರ ಪ್ರೀತಿಯದು, ಅದನ್ನು ಯಾರೂ ಕೊಲ್ಲಲಿಲ್ಲ.

ಮೂಳೆಗಳ ವಿಷಯ ಒಂದು ಹೇಳಿ ಮುಂದೆ ಹೋಗುತ್ತೇನೆ. ನೆಲದಲ್ಲಿ ದೊಡ್ಡ ಮೂಳೆ ಸಿಕ್ಕರೆ ಎರಡೂ ಕಡೆಯ ಜನ ಡ್ರ್ಯಾಗನ್‌ದೇ ಅಂದರು. ಪೋಲೆಂಡಿನ ಕ್ರಾಕೊವ್‌ನಲ್ಲಿ ಅಂಥ ಮೂಳೆಗಳನ್ನು ವಾವೆಲ್ ಚರ್ಚಿನ ಬಾಗಿಲ ಹತ್ತಿರ ಸರಪಳಿ ಹಾಕಿ ನೇತುಹಾಕಿದ್ದಾರೆ, ಇವತ್ತಿಗೂ ನೋಡಬಹುದು. ಚೀನಾದಲ್ಲಿ ಅರೆದು ಔಷಧಿ ಮಾಡಿ ಕುಡಿದರು. ಗೆದ್ದ ಗುರುತು ಅಂತ ತೂಗುಹಾಕುವುದು ಒಂದು ಕಡೆ, ಮೈಗೆ ಸೇರಿಸಿಕೊಳ್ಳುವುದು ಇನ್ನೊಂದು ಕಡೆ. ಆ ಔಷಧಿ ಅಂಗಡಿಗಳಿಂದಲೇ ವಿಜ್ಞಾನಕ್ಕೂ ದಾರಿಯಾಯಿತು. 1935ರಲ್ಲಿ ಹಾಂಗ್‌ಕಾಂಗ್‌ನ ಅಂಥದೊಂದು ಅಂಗಡಿಯಲ್ಲಿ ಸಿಕ್ಕ ಹಲ್ಲಿನಿಂದಲೇ ಜೈಗ್ಯಾಂಟೊಪಿಥೆಕಸ್ ಎಂಬ ದೈತ್ಯ ವಾನರ ಇತ್ತು ಅಂತ ಗೊತ್ತಾಗಿದ್ದು.

ಚೀನಾದ ಡ್ರ್ಯಾಗನ್ ರಾಜರ ಹಿಂದೆ ನಮ್ಮ ನಾಗರಾಜರಿದ್ದಾರೆ, ಬೌದ್ಧ ಗ್ರಂಥಗಳ ಜೊತೆ ಹೋದವರು. 5ನೇ ಶತಮಾನದ ಶುರುವಿನಲ್ಲಿ ಭಾರತಕ್ಕೆ ಬಂದ ಫಾಹಿಯಾನ್ ಈಗಿನ ಉತ್ತರ ಪ್ರದೇಶದ ಸಂಕಾಶ್ಯದಲ್ಲಿ ಕಂಡದ್ದನ್ನು ಬರೆದಿಟ್ಟಿದ್ದಾನೆ. ಅಲ್ಲಿನ ವಿಹಾರದಲ್ಲಿ ಬಿಳಿ ಕಿವಿಯ ಒಂದು ಡ್ರ್ಯಾಗನ್ ಇದೆಯಂತೆ, ಕಾಲಕಾಲಕ್ಕೆ ಮಳೆ ಕೊಟ್ಟು ಬೆಳೆ ಕಾಪಾಡುತ್ತದಂತೆ. ಭಿಕ್ಷುಗಳು ಅದಕ್ಕೆ ಮನೆ ಮಾಡಿ, ಹಾಸಿಗೆ ಹಾಸಿ, ದಿನವೂ ಊಟ ಇಡುತ್ತಾರೆ. ಮಳೆಗಾಲದ ವಾಸ ಮುಗಿದಾಗ ಅದು ಪುಟ್ಟ ಹಾವಾಗುತ್ತದೆ. ತಾಮ್ರದ ಪಾತ್ರೆಯಲ್ಲಿ ಮೊಸರು ತುಂಬಿ ಅದರಲ್ಲಿ ಬಿಟ್ಟು, ಹಿರಿಯರಿಂದ ಕಿರಿಯರವರೆಗೆ ಎಲ್ಲರ ಹತ್ತಿರ ಕೊಂಡೊಯ್ಯುತ್ತಾರೆ, ಆಮೇಲೆ ಅದು ಮಾಯವಾಗುತ್ತದೆ. ನಾಗರಪಂಚಮಿಗೆ ಹುತ್ತಕ್ಕೆ ತನಿ ಎರೆದು ಬೆಳೆದ ಯಾರಿಗೂ ಆ ಭಿಕ್ಷುಗಳು ಅಪರಿಚಿತರಲ್ಲ. ಕೊಂದರೆ ಸಾಲ ಅನ್ನುವುದೂ ನಮ್ಮಲ್ಲಿ ಇನ್ನೂ ಜೀವಂತ. ಹಾವು ಕೊಂದ ದೋಷಕ್ಕೆ ಕುಕ್ಕೆ ಸುಬ್ರಹ್ಮಣ್ಯಕ್ಕೆ ಹೋಗಿ ಸರ್ಪಸಂಸ್ಕಾರ ಮಾಡಿಸುತ್ತಾರೆ, ಮನುಷ್ಯನಿಗೆ ಮಾಡುವ ಹಾಗೆ ಅದಕ್ಕೆ ಉತ್ತರಕ್ರಿಯೆ. ಕೃಷ್ಣ ಕಾಳಿಯನನ್ನು ಕೊಲ್ಲಲೇ ಇಲ್ಲ. ಹೆಡೆ ಮೆಟ್ಟಿ ಕುಣಿದ, ಯಮುನೆ ಬಿಟ್ಟು ಸಮುದ್ರಕ್ಕೆ ಹೋಗು ಅಂದ, ಗರುಡನಿಂದ ನಿನಗೆ ಭಯ ಬೇಡ ಅಂತ ಅಭಯವನ್ನೂ ಕೊಟ್ಟ. ಜಾರ್ಜ್‌ನ ಕಥೆಯಲ್ಲಿ ಆ ಪಟ್ಟಿ ಕಟ್ಟಿದ ಗಳಿಗೆಯಲ್ಲಿ ಹೀಗೆ ಆಗಬಹುದಿತ್ತು ಅಂತ ನನಗೆ ಪ್ರತಿ ಸಲ ಅನ್ನಿಸುತ್ತದೆ.

ಸಿಚುವಾನ್‌ನಲ್ಲಿ ಮಿನ್ ನದಿಗೆ ಕ್ರಿಸ್ತಪೂರ್ವ 256ರ ಸುಮಾರಿಗೆ ಲಿ ಬಿಂಗ್ ಎಂಬ ಅಧಿಕಾರಿ ದುಜಿಯಾಂಗ್ಯಾನ್ ನೀರಾವರಿ ಕಟ್ಟಿಸಿದ. ಎತ್ತರದ ಅಣೆಕಟ್ಟು ಇಲ್ಲದೆ ನದಿಯನ್ನು ಎರಡಾಗಿ ಸೀಳಿ ಛೆಂಗ್ಡು ಬಯಲಿಗೆ ನೀರು ಹರಿಸುವ ವ್ಯವಸ್ಥೆ ಅದು, ಇವತ್ತಿಗೂ ಕೆಲಸ ಮಾಡುತ್ತಿದೆ. ಪ್ರವಾಹ ತರುತ್ತಿದ್ದ ಡ್ರ್ಯಾಗನ್ ಒಂದನ್ನು ಅಲ್ಲಿನ ಮಡುವಿನಲ್ಲಿ ಸರಪಳಿ ಹಾಕಿ ಕಟ್ಟಿದ್ದಾರೆ ಅನ್ನುತ್ತದೆ ಕಥೆ, ಮೇಲೆ ಅದನ್ನು ಮಣಿಸಿದ ನೆನಪಿನ ಗುಡಿ ಇದೆ. 1974ರಲ್ಲಿ ನದಿಯ ತಳದಿಂದಲೇ ಲಿ ಬಿಂಗ್‌ನ ಒಂದು ಕಲ್ಲಿನ ಮೂರ್ತಿ ಸಿಕ್ಕಿತು, ಕ್ರಿಸ್ತಶಕ 168ರಲ್ಲಿ ಕೆತ್ತಿದ್ದು. ತಳದ ಹೂಳನ್ನು ಆಳವಾಗಿ ತೆಗೆಯಿರಿ, ಒಡ್ಡನ್ನು ತಗ್ಗಾಗಿ ಇಡಿ ಅನ್ನುವುದು ಅಲ್ಲಿನ ಹಳೆಯ ನಿಯಮ. ವರ್ಷ ವರ್ಷ ಹೂಳು ತೆಗೆಯುವ ಜನ ಡ್ರ್ಯಾಗನ್ ಸತ್ತಿತು ಅಂತ ಕಥೆ ಕಟ್ಟಲು ಸಾಧ್ಯವೇ ಇರಲಿಲ್ಲ. ಅದು ಕೆಳಗೇ ಇದೆ ಅಂತ ಅವರ ಕೈಗೆ ಗೊತ್ತಿತ್ತು.

ಇಷ್ಟೆಲ್ಲಾ ಕಥೆಗಳಲ್ಲಿ ನನಗೆ ತುಂಬಾ ಇಷ್ಟವಾದದ್ದು ಪೂರ್ವ ಚೀನಾದ ಶಾನ್‌ಡಾಂಗ್ ಕಡೆಯ ಮೋಟು ಬಾಲದ ಲಿ ಅಜ್ಜನದು. ಬಡ ಹೆಂಗಸಿನ ಹೊಟ್ಟೆಯಲ್ಲಿ ಹುಟ್ಟಿದ ಕಪ್ಪು ಡ್ರ್ಯಾಗನ್ ಅದು, ಹೆದರಿದ ಮನೆಯವರೇ ಬಾಲ ಕಡಿದು ಓಡಿಸಿದರು. ಅದು ದೂರದ ಈಶಾನ್ಯಕ್ಕೆ ಹಾರಿಹೋಗಿ ಅಲ್ಲಿನ ನದಿಯಲ್ಲಿ ಕಾಟ ಕೊಡುತ್ತಿದ್ದ ಬಿಳಿ ಡ್ರ್ಯಾಗನ್ ಜೊತೆ ಕಾದಾಡಿತು. ದಡದ ಜನ ನೋಡುತ್ತಾ ನಿಲ್ಲಲಿಲ್ಲ. ಕಪ್ಪು ನೀರು ಉಕ್ಕಿದಾಗ ತಿನ್ನಲಿ ಅಂತ ಹಬೆಯಲ್ಲಿ ಬೇಯಿಸಿದ ಮಾಂಟೋ ಉಂಡೆಗಳನ್ನು ಎಸೆದರು, ಬಿಳಿ ನೀರು ಉಕ್ಕಿದಾಗ ಕಲ್ಲು ಎಸೆದರು. ಲಿ ಅಜ್ಜ ಗೆದ್ದ. ಆ ನದಿಗೆ ಹೈಲಾಂಗ್‌ಜಿಯಾಂಗ್, ಕಪ್ಪು ಡ್ರ್ಯಾಗನ್ ನದಿ ಅಂತಲೇ ಹೆಸರು. ಬರಗಾಲ, ಪ್ರವಾಹ ತಡೆಯಲಾರದೆ ಶಾನ್‌ಡಾಂಗ್‌ನಿಂದ ಲಕ್ಷಾಂತರ ಜನ ಆ ಚಳಿನಾಡಿಗೆ ವಲಸೆ ಹೋದರು, ಈ ಕಥೆಯನ್ನೂ ಹೊತ್ತುಕೊಂಡೇ ಹೋದರು. ಅಲ್ಲಿ ದೋಣಿ ಬಿಡುವ ಮುಂಚೆ ಅಂಬಿಗ, ಶಾನ್‌ಡಾಂಗ್‌ನವರು ಯಾರಾದರೂ ಇದ್ದೀರಾ ಅಂತ ಕೂಗಿ ಕೇಳುತ್ತಿದ್ದನಂತೆ. ಇದ್ದೀವಿ ಅಂತ ಒಬ್ಬರಾದರೂ ಹೇಳಿದರೆ ಸಾಕು, ಊರವರು ಕೂತ ದೋಣಿಯನ್ನು ಲಿ ಅಜ್ಜ ಮುಳುಗಿಸುವುದಿಲ್ಲ ಅಂತ ಧೈರ್ಯವಾಗಿ ಹುಟ್ಟು ಹಾಕುತ್ತಿದ್ದ.